42 ಗ್ರಾಂ, ನಾಲ್ಕು ವರ್ಷ: ಗೃಹ ಸಚಿವರಿಗೆ ಕೋಲಾರದಿಂದ ಒಂದು ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರಿಗೆ ನಮಸ್ಕಾರಗಳು.

ನನಗೆ 24 ವರ್ಷ. ಕೋಲಾರದ ಒಂದು ಟೊಮ್ಯಾಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ನನ್ನ ಮೇಲೆ ಗಾಂಜಾ ಕೇಸ್ ಇದೆ. ಇದನ್ನು ಮೊದಲ ಸಾಲಿನಲ್ಲೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ಮುಚ್ಚಿಟ್ಟು ಮುಚ್ಚಿಟ್ಟು ಸಾಕಾಗಿದೆ. ಹೆಸರು ಮಾತ್ರ ಹಾಕುತ್ತಿಲ್ಲ. ಅಮ್ಮ ಇದೇ ಊರಲ್ಲಿ ನಾಲ್ಕು ಜನರ ಮಧ್ಯೆ ಓಡಾಡಬೇಕು.

ನಾನು ತಪ್ಪೇ ಮಾಡಿಲ್ಲ ಅಂತ ಹೇಳುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ಗಾಂಜಾ ಒಳ್ಳೆಯದು, ಬಿಟ್ಟುಬಿಡಿ ಅಂತ ಕೇಳುವುದಕ್ಕೂ ಅಲ್ಲ. ನನ್ನ ತಪ್ಪಿಗೆ ಕಾನೂನಿನಲ್ಲಿ ಇರುವ ಹೆಚ್ಚೆಂದರೆ ಶಿಕ್ಷೆ ಒಂದು ವರ್ಷ. ನಾನು ಆ ಶಿಕ್ಷೆ ಏನು ಅಂತ ಕೇಳಿಕೊಳ್ಳುವುದಕ್ಕೇ ನಾಲ್ಕು ವರ್ಷ ಕಾದಿದ್ದೇನೆ. ನನ್ನ ಹಾಗೆ ಕಾಯುತ್ತಿರುವ ಹುಡುಗರನ್ನು ಕೋರ್ಟಿನ ಜಗಲಿಯಲ್ಲಿ ಪ್ರತಿ ತಾರೀಖಿಗೂ ನೋಡುತ್ತೇನೆ. ಅವರ ಪರವಾಗಿಯೂ ಬರೆಯುತ್ತಿದ್ದೇನೆ.

2021ರ ಡಿಸೆಂಬರ್. ಕೋವಿಡ್ ಎರಡನೇ ಅಲೆ ಮುಗಿದು ಕಾಲೇಜು ತೆರೆದಿತ್ತು. ಬಿ.ಕಾಂ. ಕೊನೆಯ ವರ್ಷ. ಓದುವ ಅಭ್ಯಾಸವೇ ತಪ್ಪಿಹೋಗಿತ್ತು. ಸಂಜೆಯಾದರೆ ನಾವು ನಾಲ್ಕು ಜನ ಅಂತರಗಂಗೆ ಬೆಟ್ಟದ ಕಡೆ ಹೋಗುತ್ತಿದ್ದೆವು. ಮೊದಲು ಸುಮ್ನೆ ಹರಟೆ. ಆಮೇಲೆ ಸಿಗರೇಟು. ಆಮೇಲೆ ಗಾಂಜಾ. ಯಾರೋ ಕೆಡಿಸಿದರು ಅಂತ ಹೇಳುವುದಿಲ್ಲ. ನಾನೇ ದುಡ್ಡು ಕೊಟ್ಟೆ, ನಾನೇ ಸೇದಿದೆ.

ಅವತ್ತು ಬೆಟ್ಟದ ಕೆಳಗಿನ ರಸ್ತೆಯಲ್ಲಿ ಜೀಪು ಬಂತು. ಉಳಿದ ಮೂವರು ಓಡಿದರು. ನನಗೆ ಕಾಲೇ ಏಳಲಿಲ್ಲ. ಪತ್ರಾಂಕಿತ ಅಧಿಕಾರಿ ಒಬ್ಬರು ಬರುವ ತನಕ ಕೂರಿಸಿದ್ದರು. ಅವರ ಮುಂದೆ ಜೇಬು ತಪಾಸಣೆ ಆಯಿತು. ಹತ್ತಿರದ ದಿನಸಿ ಅಂಗಡಿಯಿಂದ ಬೇಳೆ, ಬೆಲ್ಲ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ತಂದರು. ಕವರ್ ಸಮೇತ 42 ಗ್ರಾಂ ಬಂತು. ಮಹಜರು ಬರೆದರು, ಪಂಚರು ಸಹಿ ಹಾಕಿದರು. ಒಬ್ಬ ಪೇದೆ ಮೇಣದಬತ್ತಿ ಹಚ್ಚಿ, ಕೆಂಪು ಅರಗು ಕರಗಿಸಿ, ಬಟ್ಟೆ ಚೀಲದ ಗಂಟಿನ ಮೇಲೆ ಹನಿ ಹನಿಯಾಗಿ ಬಿಟ್ಟು ಸೀಲು ಒತ್ತಿದರು. ಗಾಳಿಗೆ ಬತ್ತಿ ಎರಡು ಸಲ ಆರಿತು. ಮೂರನೇ ಸಲ ಅವರು ಟೋಪಿ ತೆಗೆದು ಅಡ್ಡ ಹಿಡಿದರು. ಆ ಅರಗಿನ ಸುಟ್ಟ ವಾಸನೆ ಈಗಲೂ ಮೂಗಿನಲ್ಲಿದೆ.

ಒಂದು ಮಾತು ಹೇಳಬೇಕು. ಅವತ್ತು ನನಗೆ ಯಾರೂ ಹೊಡೆಯಲಿಲ್ಲ, ಬಯ್ಯಲೂ ಇಲ್ಲ. ರಾತ್ರಿ ಊಟ ಕೊಟ್ಟರು. ಮಾರನೇ ದಿನ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದರು. ಚಿಕ್ಕಪ್ಪ ತಮ್ಮ ಹೊಲದ ಪಹಣಿ ತಂದು ಶ್ಯೂರಿಟಿ ಕೊಟ್ಟರು. ಜಾಮೀನು ಸಿಕ್ಕಿತು. ಹೊರಗೆ ಬಂದಾಗ ವಕೀಲರು ಹೇಳಿದ್ದು ಇಷ್ಟು: "ಸಣ್ಣ ಪ್ರಮಾಣ ಇದು. ಮೂರ್ನಾಲ್ಕು ತಿಂಗಳಲ್ಲಿ ಚಾರ್ಜ್‌ಶೀಟ್ ಹಾಕ್ತಾರೆ. ಬಂದು ಫೈನ್ ಕಟ್ಟಿ ಮುಗಿಸ್ಕೊಳ್ಳಪ್ಪ." ಅಮ್ಮ ಕೋಲಾರಮ್ಮನ ಗುಡಿಯ ಚೇಳಮ್ಮನಿಗೆ ಹರಕೆ ಹೊತ್ತರು. ಕೇಸ್ ಮುಗಿದ ದಿನ ತೀರಿಸುತ್ತೇನೆ ಅಂತ. ಆ ಹರಕೆ ಇನ್ನೂ ಹಾಗೇ ಇದೆ.

ಓದುವವರಿಗೆ ಕಾನೂನಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗಾಂಜಾ ಕೇಸ್ ಅಂದ ತಕ್ಷಣ ಬೀದಿಯಲ್ಲಿ ಎಲ್ಲರೂ ಒಂದೇ. 42 ಗ್ರಾಂ ಇಟ್ಟುಕೊಂಡವನೂ, ಆಂಧ್ರ, ಒಡಿಶಾ ಗಡಿಯಿಂದ ಮೂಟೆಗಟ್ಟಲೆ ಸಾಗಿಸುವವನೂ ಒಂದೇ. ಕಾನೂನು ಹಾಗೆ ನೋಡುವುದಿಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆಗೆ, ಅಂದರೆ ಮಾದಕ ವಸ್ತುಗಳ ಕಾಯ್ದೆಗೆ, 2001ರಲ್ಲಿ ತಿದ್ದುಪಡಿ ಮಾಡಿ, ಎಷ್ಟು ತೂಕವೋ ಅಷ್ಟು ಶಿಕ್ಷೆ ಅಂತ ಮಾಡಿದರು. ಗಾಂಜಾ ಒಂದು ಕೆ.ಜಿ.ವರೆಗೆ ಸಣ್ಣ ಪ್ರಮಾಣ. ಅದಕ್ಕೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 20 ಕೆ.ಜಿ. ದಾಟಿದರೆ ವಾಣಿಜ್ಯ ಪ್ರಮಾಣ. ಅದಕ್ಕೆ ಕನಿಷ್ಠ 10 ವರ್ಷ. ನಮ್ಮ ಮಂಡಿಯ ಟೊಮ್ಯಾಟೊ ಬಾಕ್ಸ್ 15 ಕೆ.ಜಿ. ಅಂಥ ಒಂದೂವರೆ ಬಾಕ್ಸಿನಷ್ಟು ಗಾಂಜಾ ಇದ್ದವನಿಗೆ ಕನಿಷ್ಠ ಹತ್ತು ವರ್ಷದ ಶಿಕ್ಷೆ. ನನ್ನದು ಒಂದು ಟೊಮ್ಯಾಟೊ ಹಣ್ಣಿಗಿಂತ ಕಡಿಮೆ ತೂಕ.

ಇದೇ ಕಾಯ್ದೆಯಲ್ಲಿ 64ಎ ಅಂತ ಒಂದು ಕಲಂ ಇದೆ. ಚಟಕ್ಕೆ ಬಿದ್ದವನು ಸಣ್ಣ ಪ್ರಮಾಣದ ಕೇಸಿನಲ್ಲೋ ಸೇವನೆ ಕೇಸಿನಲ್ಲೋ ಸಿಕ್ಕಿಬಿದ್ದು, ತಾನಾಗಿ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಗೆ ಹೋಗಿ ಪೂರ್ತಿ ಚಿಕಿತ್ಸೆ ತೆಗೆದುಕೊಂಡರೆ ಅವನ ಮೇಲೆ ಮೊಕದ್ದಮೆ ನಡೆಸುವ ಹಾಗಿಲ್ಲ. ಇದು ನನಗೆ ಗೊತ್ತಾಗಿದ್ದು ಈ ವರ್ಷ. ಸಿಕ್ಕಿಬಿದ್ದ ಆ ತಿಂಗಳೇ ನಾನು ಗಾಂಜಾ ಬಿಟ್ಟೆ. ಮೂರು ವಾರ ಸರಿಯಾಗಿ ನಿದ್ದೆ ಬರಲಿಲ್ಲ, ಅನ್ನ ಸೇರಲಿಲ್ಲ, ಸುಮ್ಸುಮ್ನೆ ಸಿಟ್ಟು. ಅಮ್ಮ ರಾತ್ರಿ ಎಲ್ಲ ಪಕ್ಕದಲ್ಲಿ ಕೂತಿರುತ್ತಿದ್ದರು. ಮನೆಯಲ್ಲೇ ಒದ್ದಾಡಿ ಬಿಟ್ಟವನಿಗೆ ಆಸ್ಪತ್ರೆಯ ಚೀಟಿ ಎಲ್ಲಿಂದ ಬರಬೇಕು? ಸ್ಟೇಷನ್ನಿನಲ್ಲಿ ಆಗಲಿ, ಜಾಮೀನಿನ ದಿನ ಆಗಲಿ, ಒಬ್ಬರು ಒಂದು ಮಾತು ಹೇಳಿದ್ದರೆ ಸಾಕಿತ್ತು.

ಆಮೇಲೆ ಕಾಯುವುದು ಶುರುವಾಯಿತು. ಎರಡು ತಿಂಗಳಿಗೊಮ್ಮೆ ಸ್ಟೇಷನ್ನಿಗೆ ಹೋಗುತ್ತಿದ್ದೆ. "ಎಫ್‌ಎಸ್‌ಎಲ್ ರಿಪೋರ್ಟ್ ಬಂದಿಲ್ಲಪ್ಪ. ಬಂದ್ಮೇಲೆ ನಾವೇ ಫೋನ್ ಮಾಡ್ತೀವಿ, ಹೋಗು." ಜೇಬಿನಲ್ಲಿ ಸಿಕ್ಕ ಸೊಪ್ಪು ನಿಜವಾಗಿಯೂ ಗಾಂಜಾ ಹೌದೋ ಅಲ್ಲವೋ ಅಂತ ಎಫ್‌ಎಸ್‌ಎಲ್, ಅಂದರೆ ವಿಧಿವಿಜ್ಞಾನ ಪ್ರಯೋಗಾಲಯದವರು ಹೇಳಬೇಕು. ಅದು ಸರಿಯಾದ ನಿಯಮ, ಅದರ ಬಗ್ಗೆ ತಕರಾರಿಲ್ಲ. 2022ರಲ್ಲಿ ಡಿಗ್ರಿ ಮುಗಿಯಿತು. ಫೋನ್ ಬರಲಿಲ್ಲ. ಹೋಗಿ ಕೇಳುವುದನ್ನೂ ನಾನು ನಿಧಾನವಾಗಿ ಬಿಟ್ಟೆ. ಕೇಳಿ ಕೇಳಿ ನಾನೇ ಅವರಿಗೆ ನೆನಪು ಮಾಡುತ್ತಿದ್ದೇನಾ ಅನ್ನಿಸುತ್ತಿತ್ತು. ಕೇಸ್ ಎಲ್ಲೋ ಬಿದ್ದುಹೋಗಿರಬೇಕು ಅಂತ ಚಿಕ್ಕಪ್ಪ ಕೂಡ ಹೇಳಿದರು. ಬಡವರ ಮನೆಯಲ್ಲಿ ಕಾಗದ ಬರಲಿಲ್ಲ ಅಂದರೆ ಒಳ್ಳೆಯ ಸುದ್ದಿ ಅಂತಲೇ ಲೆಕ್ಕ.

2023ರಲ್ಲಿ ನರಸಾಪುರ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಸ್ಟೋರ್ಸ್ ವಿಭಾಗ. ಬಸ್ಸು, ಊಟ, ಪಿಎಫ್ ಎಲ್ಲ ಇತ್ತು. ಸೇರಿ ಎರಡು ತಿಂಗಳಿಗೆ ಪೊಲೀಸ್ ವೆರಿಫಿಕೇಶನ್ ಪ್ರಮಾಣಪತ್ರ ತನ್ನಿ ಅಂದರು. ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿದೆ. ಬಂದ ಕಾಗದದಲ್ಲಿ ಹೀಗಿತ್ತು: ಎನ್‌ಡಿಪಿಎಸ್ ಕಾಯ್ದೆಯಡಿ ಪ್ರಕರಣ ದಾಖಲಾಗಿದ್ದು ತನಿಖೆ ಹಂತದಲ್ಲಿದೆ. ಎಚ್‌ಆರ್ ಮೇಡಂ ಆ ಕಾಗದವನ್ನು ಎರಡು ಸಲ ಓದಿ, ಮಡಚಿ, ನನ್ನ ಕೈಗೇ ಕೊಟ್ಟರು. "ಕೇಸ್ ಮುಗಿಸ್ಕೊಂಡು ಬನ್ನಿ, ನೋಡೋಣ" ಅಂದರು. ಅವರು ಕೆಟ್ಟವರಲ್ಲ. ಆದರೆ ಮುಗಿಸಿಕೊಂಡು ಬರುವುದು ನನ್ನ ಕೈಯಲ್ಲಿದೆ ಅಂತ ಅವರು ಅಂದುಕೊಂಡಿದ್ದರು.

ಅದು ಜುಲೈ ತಿಂಗಳು. ಕೋಲಾರದಲ್ಲಿ ಒಂದು ಬಾಕ್ಸ್ ಟೊಮ್ಯಾಟೊ 2,000 ರೂಪಾಯಿ ದಾಟಿದ್ದು ನಿಮಗೂ ನೆನಪಿರಬಹುದು. ಮಂಡಿಗಳಲ್ಲಿ ಕೈ ಸಾಲುತ್ತಿರಲಿಲ್ಲ. ಗುರುತಿನವರು ಒಬ್ಬರು ಲೆಕ್ಕಕ್ಕೆ ಕರೆದುಕೊಂಡರು. ಅಲ್ಲೇ ಇದ್ದೇನೆ. ಮಂಡಿಯಲ್ಲಿ ನಾಳೆ ನೋಡೋಣ ಅನ್ನುವ ಮಾತಿಲ್ಲ. ರೈತರ ಹೆಸರಿಗೆ ಎಷ್ಟು ಬಾಕ್ಸ್ ಬಂತು, ಹರಾಜಿನಲ್ಲಿ ಎಷ್ಟಕ್ಕೆ ಹೋಯಿತು, ಕೂಲಿ ಎಷ್ಟು, ಎಲ್ಲ ಅವತ್ತೇ ಬರೆಯಬೇಕು. ಹಣ್ಣು ಕಾಯುವುದಿಲ್ಲ. ಇಪ್ಪತ್ತರಿಂದ ಇಪ್ಪತ್ತನಾಲ್ಕರ ವಯಸ್ಸೂ ಹಾಗೇ ಅಲ್ವಾ ಸಾರ್?

ಈ ವರ್ಷ ಸಂಕ್ರಾಂತಿ ಆಗಿ ಎರಡನೇ ದಿನ. ಬೆಳಗ್ಗೆ ಐದೂವರೆ. ಅಮ್ಮ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದರು. ಇಬ್ಬರು ಪೊಲೀಸರು ಬೈಕ್ ನಿಲ್ಲಿಸಿದರು. "ವಾರಂಟ್ ಇದೆಯಮ್ಮ, ಹುಡುಗನ್ನ ಕರೀರಿ." ಅವರು ಮೆಲ್ಲಗೇ ಹೇಳಿದರು. ಆದರೆ ಆ ಹೊತ್ತಿನಲ್ಲಿ ಬೀದಿಯ ಅಷ್ಟೂ ಮನೆಯವರು ಬಾಗಿಲಲ್ಲೇ ಇರುತ್ತಾರೆ. ಅಮ್ಮನ ಕೈಯಲ್ಲಿ ರಂಗೋಲಿ ಪುಡಿ ಹಾಗೇ ಇತ್ತು. ಒಂದು ಗೆರೆ ಅರ್ಧಕ್ಕೆ ನಿಂತಿತ್ತು. ನಾನು ಶರ್ಟು ಹಾಕಿಕೊಂಡು ಅದನ್ನು ದಾಟಿಕೊಂಡು ಹೋದೆ.

ಆಗಿದ್ದು ಇಷ್ಟು. 2024ರ ಮಾರ್ಚ್‌ನಲ್ಲಿ, ಅಂದರೆ ನಾನು ಸಿಕ್ಕಿಬಿದ್ದು ಎರಡು ವರ್ಷ ಮೂರು ತಿಂಗಳ ಮೇಲೆ, ಚಾರ್ಜ್‌ಶೀಟ್ ಹಾಕಿದ್ದರು. ಸಮನ್ಸ್ ನಮ್ಮ ಹಳೆಯ ಬಾಡಿಗೆ ಮನೆಯ ವಿಳಾಸಕ್ಕೆ ಹೋಗಿತ್ತು. ಅದು ನಮ್ಮ ಕೈ ಸೇರಲಿಲ್ಲ. ನಾನು ಕೋರ್ಟಿಗೆ ಬರಲಿಲ್ಲ ಅಂತ ವಾರಂಟ್ ಆಯಿತು. ಮನೆ ಬದಲಾಯಿಸಿದ್ದನ್ನು ಕೋರ್ಟಿಗೆ ತಿಳಿಸಬೇಕಿತ್ತು, ಅದು ನನ್ನ ತಪ್ಪು. ಆದರೆ ನನ್ನ ಫೋನ್ ನಂಬರ್ ಮೊದಲ ದಿನದಿಂದ ಅದೇ. ಕಡತದಲ್ಲಿ ಬರೆದೂ ಇದೆ. ಒಂದು ಫೋನ್ ಮಾಡಿದ್ದರೆ ನಾನೇ ಹೋಗಿ ಕೈಕಟ್ಟಿ ನಿಲ್ಲುತ್ತಿದ್ದೆ. ವಾರಂಟ್ ರೀಕಾಲ್ ಅರ್ಜಿ, ಮತ್ತೆ ಶ್ಯೂರಿಟಿ, ಮತ್ತೆ ಚಿಕ್ಕಪ್ಪನ ಪಹಣಿ. ಈ ಸಲ ಅವರು ಏನೂ ಮಾತಾಡಲಿಲ್ಲ. ಮಾತಾಡಿದ್ದರೆ ಚೆನ್ನಾಗಿತ್ತು.

ಚಾರ್ಜ್‌ಶೀಟಿನ ಪ್ರತಿ ನನ್ನ ಕೈಗೆ ಬಂದ ರಾತ್ರಿ ಕೂತು ಓದಿದೆ. ಲೆಕ್ಕ ಬರೆಯುವವನಿಗೆ ತಾರೀಖು ಮೊದಲು ಕಣ್ಣಿಗೆ ಬೀಳುತ್ತದೆ. ಪ್ರಯೋಗಾಲಯದ ವರದಿಯ ಕೆಳಗೆ ಇದ್ದ ತಾರೀಖು 2022ರ ಆಗಸ್ಟ್. ಚಾರ್ಜ್‌ಶೀಟ್ 2024ರ ಮಾರ್ಚ್. ನಡುವೆ 19 ತಿಂಗಳು. ವರದಿ ಎಂದೋ ಸಿದ್ಧವಾಗಿತ್ತು. ಹೇಳಿಕೆಗಳೆಲ್ಲ ಮೊದಲ ವಾರದಲ್ಲೇ ಆಗಿದ್ದವು. ಆ 19 ತಿಂಗಳಲ್ಲಿ ಹೊಸದಾಗಿ ಒಂದೇ ಒಂದು ಕಾಗದ ಸೇರಿಲ್ಲ. ತನಿಖಾಧಿಕಾರಿಯ ಹೆಸರು ಮಾತ್ರ ಮೂರು ಸಲ ಬದಲಾಗಿದೆ. ನನ್ನ ಕೆಲಸ ಹೋಗಿದ್ದು ಇದೇ 19 ತಿಂಗಳ ನಡುವೆ, ತನಿಖೆ ಹಂತದಲ್ಲಿದೆ ಅನ್ನುವ ಒಂದು ಸಾಲಿನಿಂದ. ತನಿಖೆ ಮಾಡಲು ಅಲ್ಲಿ ಏನೂ ಉಳಿದಿರಲಿಲ್ಲ.

ಮಹಜರಿನಲ್ಲಿ ನೀಲಿ ಪ್ಲಾಸ್ಟಿಕ್ ಕವರ್ ಅಂತ ಬರೆದಿದ್ದಾರೆ. ನನ್ನ ನೆನಪಿನಲ್ಲಿ ಅದು ಬಿಳಿ. ಆದರೆ ಆಣೆ ಮಾಡಿ ಹೇಳು ಅಂದರೆ ನನ್ನಿಂದ ಆಗುವುದಿಲ್ಲ. ನನ್ನ ಜೇಬಿನಲ್ಲೇ ಇದ್ದ ಕವರ್ ನನಗೇ ಮರೆತುಹೋಗಿದೆ. ಅಂದ ಮೇಲೆ ಹತ್ತು ನಿಮಿಷ ನಿಂತು ಸಹಿ ಹಾಕಿ ಹೋದ ಪಂಚರಿಗೆ ಏನು ನೆನಪಿರುತ್ತದೆ? ಸಾಕ್ಷಿ ಹೇಳಬೇಕಾದ ಪೊಲೀಸರೂ ಬೇರೆ ಬೇರೆ ಠಾಣೆಗೆ ವರ್ಗವಾಗಿದ್ದಾರೆ. ತಡದಿಂದ ಕೆಡುವುದು ಆರೋಪಿಯ ಬದುಕು ಮಾತ್ರ ಅಲ್ಲ, ನಿಮ್ಮ ಇಲಾಖೆಯ ಕೇಸೂ ಕೆಡುತ್ತದೆ.

ಈಗಿನ ವಕೀಲರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಸಿಕ್ಕವರು. ತಾಳ್ಮೆಯಿಂದ ಹೇಳಿಕೊಡುತ್ತಾರೆ. ಅವರು ತೋರಿಸಿದ ಮೇಲೆ ನನಗೆ ಗೊತ್ತಾಗಿದ್ದು, ಕಾನೂನಿನಲ್ಲಿ ಗಡುವು ಇಲ್ಲದೆ ಇಲ್ಲ. ಒಂದು ವರ್ಷದವರೆಗೆ ಶಿಕ್ಷೆ ಇರುವ ಅಪರಾಧವಾದರೆ ಒಂದು ವರ್ಷ ಮೀರಿದ ಮೇಲೆ ಕೋರ್ಟ್ ಅದನ್ನು ವಿಚಾರಣೆಗೆ ತೆಗೆದುಕೊಳ್ಳಬಾರದು ಅಂತ ದಂಡ ಪ್ರಕ್ರಿಯಾ ಸಂಹಿತೆಯ 468ನೇ ಕಲಂ ಹೇಳುತ್ತದೆ. ತಡಕ್ಕೆ ಸರಿಯಾದ ಕಾರಣ ಕೊಟ್ಟರೆ ಮನ್ನಿಸಬಹುದು ಅಂತ 473ನೇ ಕಲಂ ಇದೆ. ಸಮನ್ಸ್ ಕೇಸಿನಲ್ಲಿ, ಅಂದರೆ ನನ್ನದರಂಥ ಕಡಿಮೆ ಶಿಕ್ಷೆಯ ಕೇಸಿನಲ್ಲಿ, ಬಂಧನವಾಗಿ ಆರು ತಿಂಗಳೊಳಗೆ ತನಿಖೆ ಮುಗಿಯದಿದ್ದರೆ, ವಿಶೇಷ ಕಾರಣ ತೋರಿಸದ ಹೊರತು ಮ್ಯಾಜಿಸ್ಟ್ರೇಟರು ತನಿಖೆ ನಿಲ್ಲಿಸಬೇಕು ಅಂತ 167ನೇ ಕಲಂನಲ್ಲೇ ಇದೆ. ಆ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಈ ಮಾತುಗಳು ಉಳಿದಿವೆ. ಇಷ್ಟೆಲ್ಲ ಇದ್ದೂ ನನ್ನ ಕಡತ ಹೇಗೆ ಮಲಗಿತ್ತು?

ಇದನ್ನು ನಾನು ತುಂಬಾ ಯೋಚಿಸಿದೆ. ಕಾರಣ ಸರಳ ಅನ್ನಿಸುತ್ತದೆ. ಜೈಲಿನಲ್ಲಿ ಇರುವವನ ಕೇಸಿಗೆ ಕ್ಯಾಲೆಂಡರ್ ಇದೆ. 60 ದಿನ, 90 ದಿನ, ದೊಡ್ಡ ಪ್ರಮಾಣದ ಗಾಂಜಾ ಆದರೆ 180 ದಿನ. ಅಷ್ಟರಲ್ಲಿ ಚಾರ್ಜ್‌ಶೀಟ್ ಹಾಕದಿದ್ದರೆ ಅವನಿಗೆ ಜಾಮೀನು ಕೊಡಲೇಬೇಕಾಗುತ್ತದೆ, ಅಧಿಕಾರಿಗೆ ಮೇಲಿನವರು ಕೇಳುತ್ತಾರೆ. ಆದ್ದರಿಂದ ಆ ಕಡತ ಓಡುತ್ತದೆ. ಜಾಮೀನಿನಲ್ಲಿ ಹೊರಗೆ ಇರುವ ಸಣ್ಣ ಹುಡುಗನ ಕಡತ ತಡವಾದರೆ ಯಾರಿಗೂ ಏನೂ ಆಗುವುದಿಲ್ಲ. ಅದು ಬೀರುವಿನಲ್ಲಿ ಕೆಳಗೆ ಕೆಳಗೆ ಹೋಗುತ್ತದೆ. ಅಂದರೆ 20 ಕೆ.ಜಿ. ಸಾಗಿಸಿದವನ ಕೇಸ್ ಆರು ತಿಂಗಳಲ್ಲಿ ಕೋರ್ಟಿಗೆ ಬರುತ್ತದೆ, 42 ಗ್ರಾಂನದು ಎರಡೂಕಾಲು ವರ್ಷಕ್ಕೆ. ಠಾಣೆಯವರಿಗೆ ಕೆಲಸ ಕಡಿಮೆ ಇದೆ ಅಂತ ನಾನು ಹೇಳುವುದಿಲ್ಲ. ಬಂದೋಬಸ್ತು, ಜಾತ್ರೆ, ಚುನಾವಣೆ, ಅಪಘಾತ, ಎಲ್ಲವೂ ಅದೇ ಹತ್ತು ಜನರ ಮೇಲೆ. ಅದನ್ನು ಸರಿಮಾಡುವುದು ಅವರ ಕೈಯಲ್ಲಿ ಇಲ್ಲ, ನಿಮ್ಮ ಕೈಯಲ್ಲಿದೆ.

1979ರಲ್ಲಿ ಬಿಹಾರದ ಹುಸೈನಾರಾ ಖಾತೂನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬೇಗ ವಿಚಾರಣೆ ಆಗುವುದು ಸಂವಿಧಾನದ 21ನೇ ವಿಧಿಯ ಹಕ್ಕು ಅಂದಿತು. 2002ರಲ್ಲಿ ನಮ್ಮ ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ, ಪಿ. ರಾಮಚಂದ್ರ ರಾವ್ ಕೇಸ್ ಅದು, ಏಳು ನ್ಯಾಯಮೂರ್ತಿಗಳು ಕೂತು, ಇಂತಿಷ್ಟು ವರ್ಷ ಆದ ತಕ್ಷಣ ಕೇಸ್ ಮುಗಿಯಿತು ಅಂತ ಎಲ್ಲ ಕೇಸಿಗೂ ಒಂದೇ ಗೆರೆ ಎಳೆಯುವುದು ಕೋರ್ಟಿನ ಕೆಲಸ ಅಲ್ಲ ಅಂದರು. ಅದನ್ನು ಓದಿದಾಗಲೇ ಈ ಪತ್ರ ನಿಮಗೆ ಬರೆಯಬೇಕು ಅನ್ನಿಸಿದ್ದು. ಕೋರ್ಟ್ ಗೆರೆ ಎಳೆಯುವುದಿಲ್ಲ ಅಂದರೆ ಪೊಲೀಸ್ ಇಲಾಖೆಯನ್ನು ನಡೆಸುವವರಾದರೂ ಎಳೆಯಬೇಕು.

ನಾನು ಕೇಳುತ್ತಿರುವುದು ದೊಡ್ಡದಲ್ಲ. ಪ್ರತಿ ತಿಂಗಳು ಎಸ್‌ಪಿ ಕಚೇರಿಯಲ್ಲಿ ಅಪರಾಧಗಳ ಪರಿಶೀಲನಾ ಸಭೆ ನಡೆಯುತ್ತದೆ. ಆ ಸಭೆಯಲ್ಲಿ ಆರು ತಿಂಗಳು ದಾಟಿದ ಸಣ್ಣ ಪ್ರಮಾಣದ ಕೇಸುಗಳ ಪಟ್ಟಿಯನ್ನು ಬೇರೆಯಾಗಿ ಓದಿಸಿ. ಪ್ರಯೋಗಾಲಯದ ವರದಿ ಬಂದ ಮೇಲೆ ಇಷ್ಟು ದಿನದಲ್ಲಿ ಚಾರ್ಜ್‌ಶೀಟ್ ಹಾಕಬೇಕು, ಇಲ್ಲವೇ ಕೇಸ್ ಮುಕ್ತಾಯದ ವರದಿ ಕೊಡಬೇಕು, ಎರಡರಲ್ಲಿ ಒಂದು ಆಗಲೇಬೇಕು ಅಂತ ಸುತ್ತೋಲೆ ಹೊರಡಿಸಿ. ವರದಿ ಬಂದ ದಿನ, ಚಾರ್ಜ್‌ಶೀಟ್ ಹಾಕಿದ ದಿನ, ಆರೋಪಿಯ ಫೋನಿಗೆ ಒಂದು ಮೆಸೇಜ್ ಹೋಗಲಿ. ಗ್ಯಾಸ್ ಸಿಲಿಂಡರ್ ಬುಕ್ ಆದರೆ ಮೆಸೇಜ್ ಬರುತ್ತದೆ, ಒಬ್ಬ ಮನುಷ್ಯನ ಮೇಲೆ ಆರೋಪಪಟ್ಟಿ ಬಿದ್ದರೆ ಬರಬಾರದಾ? ಇನ್ನೊಂದು, 64ಎ ಕಲಂ ಏನು ಹೇಳುತ್ತದೆ ಅಂತ ಅರ್ಧ ಪುಟದ ಕನ್ನಡ ಕಾಗದ ಮಾಡಿಸಿ. ನಮ್ಮ ಕಡೆ ಮನೆಯಲ್ಲಿ ತೆಲುಗು ಮಾತಾಡುವವರೂ ಜಾಸ್ತಿ, ಅದರಲ್ಲೂ ಇರಲಿ. ಸಿಕ್ಕಿಬಿದ್ದ ಹುಡುಗನ ಅಪ್ಪನ ಕೈಗೋ ಅಮ್ಮನ ಕೈಗೋ ಅವತ್ತೇ ಕೊಡಿಸಿ. ಜಿಲ್ಲಾ ಆಸ್ಪತ್ರೆಯಲ್ಲಿ ಯಾರನ್ನು ನೋಡಬೇಕು ಅನ್ನುವುದೂ ಅದರಲ್ಲಿ ಇರಬೇಕು. ಗಾಂಜಾ ಬಿಡಿಸುವುದು ಸರ್ಕಾರದ ಉದ್ದೇಶ ಅಂದರೆ ಬಿಡುವ ಮನಸ್ಸು ಬರುವುದು ಅದೇ ವಾರ. ನನ್ನ ಅನುಭವದಿಂದ ಹೇಳುತ್ತಿದ್ದೇನೆ.

ಹೈಕೋರ್ಟಿಗೆ ಹೋದರೆ ತಡದ ಮೇಲೇ ಕೇಸ್ ರದ್ದಾಗಬಹುದು ಅಂತ ಕೆಲವರು ಹೇಳುತ್ತಾರೆ. ಇಲ್ಲಿಂದ ಬೆಂಗಳೂರು 70 ಕಿ.ಮೀ. ಬಸ್ ಚಾರ್ಜಿನ ಮಾತಲ್ಲ, ಅಲ್ಲಿನ ವಕೀಲರ ಫೀಸು ನನ್ನ ನಾಲ್ಕು ತಿಂಗಳ ಸಂಬಳ. ಕೊಡಬಲ್ಲ ಮನೆಯ ಹುಡುಗರು ಹೋಗಿ ರದ್ದು ಮಾಡಿಸಿಕೊಂಡು ಬರುತ್ತಾರೆ. ಅವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಕಾನೂನಿನಲ್ಲಿ ಬರೆದಿರುವ ಗಡುವು 70 ಕಿ.ಮೀ. ಹೋಗಿ ದುಡ್ಡು ಕಟ್ಟಿದವನಿಗೆ ಮಾತ್ರ ಸಿಗಬೇಕಾ?

ಜಗಲಿಯಲ್ಲಿ ಎಲ್ಲರೂ ಹೇಳುವ ಇನ್ನೊಂದು ದಾರಿ ಇದೆ. "ಒಪ್ಕೊಂಡ್‌ಬಿಡು. ಸಾವಿರಾರು ರೂಪಾಯಿ ಫೈನ್ ಹಾಕ್ತಾರೆ, ಕಟ್ಟಿ ಮನೆಗೆ ಹೋಗು." ಹೋದ ತಾರೀಖಿಗೆ ನನ್ನ ಪಕ್ಕ ಇದ್ದ ಹುಡುಗ ಹಾಗೇ ಮಾಡಿದ. ಐದು ನಿಮಿಷವೂ ಆಗಲಿಲ್ಲ. ನಗುತ್ತಾ ಹೊರಗೆ ಬಂದ. ಅವನು ಇನ್ನು ಮೇಲೆ ಅಪರಾಧಿ ಅಂತ, ಯಾವ ಅರ್ಜಿಯಲ್ಲಿ ಶಿಕ್ಷೆ ಆಗಿದೆಯಾ ಅಂತ ಕೇಳಿದರೂ ಹೌದು ಅಂತಲೇ ಬರೆಯಬೇಕು ಅಂತ ಅವನಿಗೆ ಯಾರಾದರೂ ಹೇಳಿದ್ದರೋ ಇಲ್ಲವೋ. ಬೇಗ ಮುಗಿಯಲಿ ಅನ್ನುವ ಆಸೆಗೆ ಹುಡುಗರು ಕೊಡುತ್ತಿರುವ ಬೆಲೆ ಇದು.

ನನ್ನ ಮುಂದಿನ ತಾರೀಖು ಇದೇ ತಿಂಗಳ ಕೊನೆಯ ವಾರ. ಅವಧಿ ಮೀರಿದೆ ಅಂತ ವಕೀಲರು ಅರ್ಜಿ ಹಾಕಿದ್ದಾರೆ. ಅದು ತಿರಸ್ಕೃತವಾದರೆ ಅವತ್ತೇ ನನ್ನನ್ನು ಮುಂದೆ ಕರೆದು, ಆರೋಪ ಓದಿ ಹೇಳಿ, ತಪ್ಪು ಒಪ್ಪಿಕೊಳ್ಳುತ್ತೀರಾ ಅಂತ ಕೇಳುತ್ತಾರೆ. 2022ರ ಬೇಸಿಗೆಯಲ್ಲಿ ಇದೇ ಪ್ರಶ್ನೆ ಕೇಳಿದ್ದರೆ ಹೌದು ಸ್ವಾಮಿ, ನನ್ನದೇ ತಪ್ಪು ಅಂದು ಶಿಕ್ಷೆ ಅನುಭವಿಸಿ ಇಷ್ಟು ಹೊತ್ತಿಗೆ ಮೂರು ವರ್ಷ ಆಗಿರುತ್ತಿತ್ತು. ಈಗ ಏನು ಹೇಳಬೇಕು ಅಂತ ಅಮ್ಮನೂ ನಾನೂ ದಿನಾ ರಾತ್ರಿ ಮಾತಾಡುತ್ತೇವೆ. ಅವತ್ತು ಬೆಳಗಿನ ಹರಾಜಿನ ಲೆಕ್ಕ ಬರೆದುಕೊಟ್ಟು, ಮಂಡಿಯಿಂದ ನೇರವಾಗಿ ಕೋರ್ಟಿಗೆ ಹೋಗುತ್ತೇನೆ. ಅಮ್ಮನೂ ಬರುತ್ತಾರಂತೆ.

ಇಂತಿ,
ಕೋಲಾರದ ಟೊಮ್ಯಾಟೊ ಮಂಡಿಯ ಒಬ್ಬ ಲೆಕ್ಕದ ಹುಡುಗ
ನವೆಂಬರ್ 2025